ಪಕ್ಕದ ಮನೆಯ ಹಣ್ಣುಹುಳು

ಹೊಟ್ಟೆಕಿಚ್ಚು ದೂರಪ್ರಯಾಣಕ್ಕೆ ಒಗ್ಗುವ ಪದಾರ್ಥವಲ್ಲ. ಮಹಾರಾಜರು ಅಂಬಾರಿಯ ಮೇಲೆ ಕುಳಿತು ಹೋದರೆ ಬಾಯ್ತೆರೆದು ಕೈಮುಗಿಯುತ್ತೇವೆಯೇ ಹೊರತು ಯಾರ ಹೊಟ್ಟೆಯೂ ಉರಿಯುವುದಿಲ್ಲ. ಅದೇ ಪಕ್ಕದ ಮನೆಯ ಕುಂಬಳಬಳ್ಳಿ ನಮ್ಮದಕ್ಕಿಂತ ಒಂದು ಕಾಯಿ ಹೆಚ್ಚು ಬಿಡಲಿ, ಆ ದಿನ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ. ನೆರೆಯವರನ್ನು ಪ್ರೀತಿಸಬೇಕೆಂದು ನಮ್ಮ ಸ್ವಾಮಿ ಎಷ್ಟು ಯೋಚಿಸಿ ಹೇಳಿದ್ದಾನೆಂಬುದು ನನಗೆ ಅರ್ಥವಾದದ್ದು ಮಾದೇವಮ್ಮನ ಪಕ್ಕದಲ್ಲಿ ಸಂಸಾರ ಹೂಡಿದ ಮೇಲೆ. ದೂರದವರನ್ನು ಪ್ರೀತಿಸುವುದು ಯಾವ ಮಹಾ ಕೆಲಸ, ನೀವೇ ಹೇಳಿ.

ಆಗ ನಮ್ಮ ಕೊಳ್ಳೇಗಾಲ ಸೀಮೆ ಮದರಾಸಿನದು, ಕೂಗಳತೆಯ ಯಳಂದೂರು ಮೈಸೂರಿನದು. ನಾನು ಮುಳ್ಳೂರಿನ ಪುಟ್ಟ ಶಾಲೆಯಲ್ಲಿ ಟೀಚರಮ್ಮ. ಹನೂರು ಕಡೆಯವರಾದ ನನ್ನ ಯಜಮಾನರು ಅರುಳಪ್ಪನವರು ಉಪದೇಶಿ. ನಮ್ಮ ಚರ್ಚಿಗೆ ಗುರುಗಳು ಬಾರದ ಭಾನುವಾರಗಳಲ್ಲಿ ಪ್ರಾರ್ಥನೆ ನಡೆಸಿ ಪ್ರಸಂಗ ಹೇಳುವ ಭಾರ ಅವರದು. ಅವರಲ್ಲಿದ್ದ ಪ್ರಸಂಗ ಒಂದೇ: ಮನುಷ್ಯ ಇಂದು ಬಿತ್ತಿದ್ದನ್ನೇ ನಾಳೆ ಕೊಯ್ಯುತ್ತಾನೆ, ಆದ್ದರಿಂದ ಬಿತ್ತುವ ಕೈ ನೋಡಿ ಬಿತ್ತಲಿ. ಹಬ್ಬವಿರಲಿ, ಸಾವಿರಲಿ, ನಾಮಕರಣವಿರಲಿ, ಅದೇ ಬಿತ್ತನೆ, ಅದೇ ಕೊಯ್ಲು. ನಾನಂತೂ ಹಿಂದಿನ ಸಾಲಿನಲ್ಲಿ ಕುಳಿತು ಆಕಳಿಸಿ ಆಕಳಿಸಿ ಪುನೀತಳಾಗಿದ್ದೆ.

ಊರಿನ ಎಲ್ಲರಂತೆ ನಾವೂ ಹಿಪ್ಪುನೇರಳೆ ಹಾಕಿ ರೇಷ್ಮೆಹುಳು ಸಾಕುತ್ತಿದ್ದೆವು. ಮಾದೇವಮ್ಮನೂ ಸಾಕುತ್ತಿದ್ದಳು. ಅಕ್ಷರದ ಗಂಧವಿಲ್ಲದ ಆ ಹೆಂಗಸಿನ ಬೆಳೆ ಒಮ್ಮೆಯಾದರೂ ಕೆಡಬಾರದೇ? ಊಹೂಂ! ಪ್ರತಿ ಸಲವೂ ಬೆಳ್ಳನೆ, ಗಟ್ಟಿ ಗೂಡು. ಗೂಡು ಮಾರಿ ಬಂದ ದಿನ ನಮ್ಮ ಜಗಲಿಯ ಮುಂದೆಯೇ ಹಾದು ಹೋಗುತ್ತಾ, “ಏನೋ ಮಾದಪ್ಪ ಕಣ್ಬುಟ್ಟ ಕಣವ್ವ ಟೀಚರಮ್ಮ” ಎಂದು ನಗುತ್ತಿದ್ದಳು. ಆ ನಗುವಿನಲ್ಲಿ ಲವಲೇಶವೂ ಅಹಂಕಾರವಿರಲಿಲ್ಲ, ಅದೇ ನನಗೆ ಹೆಚ್ಚು ಉರಿಯುತ್ತಿದ್ದದ್ದು. ಕೊಂಚ ಜಂಬವಿದ್ದರೆ ಸಮಾಧಾನದಿಂದ ದ್ವೇಷಿಸಬಹುದಿತ್ತು.

ಅವಳು ಹುಳುವಿನ ಮೊಟ್ಟೆ ತರಿಸುತ್ತಿದ್ದದ್ದು ಯಳಂದೂರಿನ ಒಬ್ಬ ನಂಬಿಗಸ್ತರಿಂದ. ಅವಳ ಬಾಲ ಹಿಡಿದು ನಾನೂ ಅಲ್ಲಿಗೇ ಹೋಗಬೇಕೆ? ಆ ವರ್ಷ ಕೊಳ್ಳೇಗಾಲದ ಸಂತೆಯಲ್ಲಿ ಯಾರೋ ಗುರುತಿಲ್ಲದವನ ಬಳಿ ಮೊಟ್ಟೆ ಕೊಂಡು, ಅವಳಿಗಿಂತ ವಾರ ಮೊದಲೇ ಸಾಕಣೆ ಹೂಡಿದೆ. “ಆತುರ ಬೇಡ, ಲೂರ್ದು” ಎಂದರು ಯಜಮಾನರು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವ ಮಾತು ಗಾದೆಯಾದದ್ದು ಸುಮ್ಮನೆ ಅಲ್ಲ. ಕಡೆಯ ಜ್ವರ, ಅಂದರೆ ಹುಳು ಪೊರೆ ಬಿಡುವ ಕಡೆಯ ನಿದ್ರೆ, ಕಳೆದದ್ದೇ ತಡ ನಮ್ಮ ತಟ್ಟೆಗಳಿಗೆ ಗಂಟುರೋಗ ಬಡಿಯಿತು. ಬದುಕಿದ್ದವನ್ನು ಆಸೆಯಿಂದ ಚಂದ್ರಿಕೆಗೆ, ಗೂಡು ಕಟ್ಟಿಸುವ ಬಿದಿರಿನ ಸುತ್ತುಬಳ್ಳಿಯ ತಟ್ಟಿಗೆ ಬಿಟ್ಟೆವು. ಅಲ್ಲೇ ಕಪ್ಪಾಗಿ ಅಂಟಿಕೊಂಡವು. ಹಿತ್ತಲಲ್ಲಿ ಗುಂಡಿ ತೋಡಿ ಸತ್ತ ಹುಳುಗಳನ್ನೆಲ್ಲ ಮುಚ್ಚಿದೆ. ದೃಷ್ಟಿಯ ಭಯಕ್ಕೆ ಒಬ್ಬರ ಹುಳುಮನೆಗೆ ಇನ್ನೊಬ್ಬರು ಕಾಲಿಡದ ಪದ್ಧತಿ ನಮ್ಮೂರಿನದಾದ್ದರಿಂದ ಸಂಗತಿ ಯಾರಿಗೂ ತಿಳಿಯಲಿಲ್ಲ. ಕೇಳಿದವರಿಗೆಲ್ಲ “ಗೂಡು ಬಿಡಿಸಿ ಆಯಿತು” ಎಂದುಬಿಟ್ಟೆ.

ಆ ಮಾತು ಬಿತ್ತನೆಯಾಯಿತು. ಒಂದು ಬೆಳಿಗ್ಗೆ ಮಾದೇವಮ್ಮ ಏದುಸಿರು ಬಿಡುತ್ತಾ ಬಾಗಿಲಿಗೆ ಬಂದಳು.

“ಟೀಚರಮ್ಮ, ಹುಳ ಎಲ್ಲಾ ಒಂದೇ ಕಿತ ಹಣ್ಣಾಗ್ಬುಟ್ಟವೆ ಕಣವ್ವ! ಚಂದ್ರಿಕೆ ಸಾಲ್ತಾ ಇಲ್ಲ. ನಿಮ್ದು ಸುಮ್ಕೆ ಬಿದ್ದವಲ್ಲ, ಕೊಡಿ. ಇಲ್ದಿದ್ರೆ ಬೆಳೆಯೆಲ್ಲ ಮಣ್ಣಾಗೋಯ್ತದೆ.”

ಹಣ್ಣಾದ ಹುಳು, ಅಂದರೆ ಗೂಡು ಕಟ್ಟಲು ಮಾಗಿದ ಹುಳು, ಯಾರಿಗೂ ಕಾಯುವುದಿಲ್ಲ. ಯಜಮಾನರಾದರೋ, ಪರೋಪಕಾರದ ಅವಕಾಶ ಕಂಡೊಡನೆ ಬುದ್ಧಿಯನ್ನು ಮೊಳೆಗೆ ನೇತುಹಾಕುವ ಪುಣ್ಯಾತ್ಮರು, “ಅದಕ್ಕೇನಂತೆ, ತಕಂಡು ಹೋಗವ್ವ” ಎಂದು ಚಂದ್ರಿಕೆಯೊಂದನ್ನು ಹೊತ್ತೇಬಿಟ್ಟರು.

ಓದುಗರೇ, ಆ ಕ್ಷಣದಲ್ಲಿ ನನ್ನೊಳಗೆ ನಡೆದದ್ದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ರೋಗದ ಮನೆಯ ಚಂದ್ರಿಕೆ ಅವಳ ಮನೆ ಹೊಕ್ಕರೆ ಈ ಬೆಳೆಗೆ ಏನೂ ಆಗದಿರಬಹುದು; ರೋಗ ಆ ಮನೆಯಲ್ಲಿ ನೆಲೆಯೂರಿ ಮುಂದಿನ ಬೆಳೆಯನ್ನು ತಿನ್ನುತ್ತದೆ. ಇದು ಹುಳು ಸಾಕುವ ಯಾರಿಗೆ ಗೊತ್ತಿಲ್ಲ? ಕೊಟ್ಟರೆ ಇಂದು ಊರೆಲ್ಲ ನನ್ನನ್ನು ಹೊಗಳುತ್ತದೆ, ನಾಳೆ ಮಾದೇವಮ್ಮ ತಟ್ಟೆಯ ಮುಂದೆ ತಲೆಯ ಮೇಲೆ ಕೈಹೊತ್ತು ಕೂರುತ್ತಾಳೆ, ಕಾರಣ ಯಾರಿಗೂ ತಿಳಿಯುವುದಿಲ್ಲ. ಕೊಡೆನೆಂದರೆ ಇದ್ದ ಹೆಸರೂ ಹೋಯಿತು: ಟೀಚರಮ್ಮನಿಗೆ ಹೊಟ್ಟೆಯುರಿ! ಹೊಟ್ಟೆಕಿಚ್ಚಿನವಳು ಧರ್ಮಾತ್ಮಳಂತೆಯೂ, ನೆರೆಯವಳನ್ನು ಉಳಿಸುವವಳು ಹೊಟ್ಟೆಕಿಚ್ಚಿನವಳಂತೆಯೂ ಕಾಣುವ ಇಂಥ ಇಕ್ಕಟ್ಟನ್ನು ಸೈತಾನನಲ್ಲದೆ ಬೇರೆ ಯಾರು ಹೆಣೆದಾರು!

ಮನಸ್ಸು ಇನ್ನೂ ಒಂದು ಉಪಾಯ ಹೇಳಿತು: ಕೊಟ್ಟುಬಿಡು, ಗುರುಗಳು ಬಂದಾಗ ಪಾಪನಿವೇದನೆ ಮಾಡಿದರಾಯಿತು, ದೇವರು ಕ್ಷಮಿಸುತ್ತಾನೆ. ಕ್ಷಮಿಸುತ್ತಾನೆ, ನಿಜ. ಆದರೆ ನನಗೆ ಕ್ಷಮೆ ಸಿಕ್ಕಿದ ಮಾತ್ರಕ್ಕೆ ಮಾದೇವಮ್ಮನ ಹುಳುಗಳು ಗುಂಡಿಯಿಂದೆದ್ದು ಬಂದು ಸೊಪ್ಪು ತಿನ್ನುತ್ತವೆಯೇ? ಇಷ್ಟು ವರ್ಷ ಆಕಳಿಸುತ್ತಾ ಕೇಳಿದ್ದ ಪ್ರಸಂಗ ಅಂದು ಮೊದಲ ಬಾರಿಗೆ ಕಿವಿಗೆ ಬಿತ್ತು. ಕ್ಷಮೆ ಬಿತ್ತಿದವಳಿಗೆ, ಕೊಯ್ಲು ಮಾತ್ರ ಪಕ್ಕದ ಮನೆಯವಳಿಗೆ.

“ಬೇಡ, ಕೆಳಗಿಡಿ” ಎಂದು ಕಿರುಚಿದೆ. ಯಜಮಾನರು ಬೆಪ್ಪಾದರು. ಮಾದೇವಮ್ಮನ ಮುಖ ಸಣ್ಣದಾಯಿತು.

“ಯಾಕವ್ವ? ನಾನೇನು ತಪ್ಪು ಮಾಡಿದ್ದೀನಿ?”

“ನೀನಲ್ಲ, ಮಾದೇವಮ್ಮ. ನಮ್ಮ ಬೆಳೆ ಗಂಟುರೋಗದಲ್ಲಿ ಪೂರಾ ಸತ್ತಿತು. ಗೂಡು ಬಿಡಿಸಿದೆ ಅಂದದ್ದು ಸುಳ್ಳು. ಇವು ರೋಗದ ಚಂದ್ರಿಕೆ.”

ಅವಳು ಚಂದ್ರಿಕೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

“ಕೊಟ್ಬುಟ್ಟಿದ್ರೆ ನಂಗೇನು ತಿಳೀತಿತ್ತು?”

ಬೈಗುಳಕ್ಕೆ, ಕೊಂಕಿಗೆ, ಕಡೆಗೆ ಕನಿಕರಕ್ಕೂ ಸಿದ್ಧಳಾಗಿ ನಿಂತೆ.

“ನಿಂತ್ಕಂಡು ಏನ್ ನೋಡೀರಿ, ಹುಳ ಕಾಯ್ತವಾ? ತೊಗರಿಕಡ್ಡಿ ಹರವಿ ಅದ್ರ ಮೇಲೇ ಬುಡಾನ. ಮೈಗೆ ನೀರುಯ್ಕಂಡು ಬ್ಯಾರೆ ಸೀರೆ ಉಟ್ಕಂಡು ಬನ್ನಿ. ಸಾಮಿಯೋರೇ, ನೀವು ಕಡ್ಡಿ ತನ್ನಿ!”

ಎಲ್ಲಿಗೆ ಬರಬೇಕೆಂದು ಕೇಳಿದೆ.

“ಇನ್ನೆಲ್ಲಿಗೆ? ಹುಳದ ಮನೆಗೆ.”

ಸ್ವಂತ ನಾದಿನಿಯನ್ನೂ ಸಾಕಣೆಯ ಕಾಲದಲ್ಲಿ ಹೊಸ್ತಿಲು ದಾಟಿಸದವಳು ಊರಿನಲ್ಲೇ ಅತ್ಯಂತ ಉರಿಗಣ್ಣಿನ ಹೆಂಗಸನ್ನು ಒಳಗೆ ಕರೆದುಕೊಂಡಳು. ತಟ್ಟೆ ತಟ್ಟೆಯಲ್ಲೂ ಬಂಗಾರದ ಬಣ್ಣಕ್ಕೆ ತಿರುಗಿದ ದಪ್ಪ ದಪ್ಪ ಹುಳು. ಅವನ್ನು ಒಂದೊಂದಾಗಿ ಆಯ್ದು ಕಡ್ಡಿಯ ಮೇಲೆ ಬಿಡುತ್ತಾ, ಅಯ್ಯೋ ಎಂಥ ಬೆಳೆ ಎಂದು ಹೊಟ್ಟೆ ಉರಿಯುತ್ತಲೇ ಇತ್ತು. ಒಂದೂ ನೆಲಕ್ಕೆ ಬೀಳದಿರಲಿ ದೇವರೇ ಎಂದು ಅದೇ ಹೊಟ್ಟೆ ಪ್ರಾರ್ಥಿಸುತ್ತಲೂ ಇತ್ತು. ಅವೆರಡೂ ಒಂದೇ ಮನೆಯಲ್ಲಿ ವಾಸಿಸಬಲ್ಲವೆಂದು ಯಾವ ಪ್ರಸಂಗದಲ್ಲೂ ನಾನು ಕೇಳಿರಲಿಲ್ಲ.

ಸಂಜೆ ಕೈ ತೊಳೆಯುವಾಗ ಮಾದೇವಮ್ಮ, “ಮುಂದ್ಲ ಬೆಳೆಗೆ ನಿಮ್ಗೂ ಯಳಂದೂರಿಂದ್ಲೇ ಮೊಟ್ಟೆ ತರುಸ್ತೀನಿ, ಆ ಸಂತೆ ಸಾವಾಸ ಬ್ಯಾಡ” ಎಂದಳು. ಸುಳ್ಳಿನ ಸುದ್ದಿಯನ್ನೇ ಎತ್ತಲಿಲ್ಲ. ಅಂದೂ ಎತ್ತಲಿಲ್ಲ, ಸಾಯುವವರೆಗೂ ಎತ್ತಲಿಲ್ಲ. ಗೂಡಿನಲ್ಲಿ ಅವಳು ನನ್ನನ್ನು ಮೀರಿಸಿದ್ದನ್ನು ಹೇಗೋ ಸಹಿಸಿಕೊಂಡೇನು. ಕ್ಷಮಿಸುವುದು ನಮ್ಮ ಮನೆಯ ಕಸುಬು, ಭಾನುವಾರ ಭಾನುವಾರ ನಾವು ಕಲಿತದ್ದು. ಅದರಲ್ಲೂ ಅವಳೇ ಮುಂದಾದಳಲ್ಲ, ಅದೊಂದನ್ನು ನೆನೆದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.