ಸಾರಕ್ಕಿಯ ಅಕ್ಕನಿಗೆ ನಾನು ಹಾಕಿದ ರಿಂಗ್

೧೯೮೩ರಲ್ಲಿ ನಾನು ಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸ. ಆಗಲೇ ಹನ್ನೊಂದು ವರ್ಷವಾಗಿತ್ತು. ಹೆಂಗಸರನ್ನು ಆಪರೇಷನ್ನಿಗೆ ತಯಾರು ಮಾಡುವುದು ನನ್ನ ಪಾಲಿನ ಕೆಲಸ. ಹಿಂದಿನ ದಿನ ಶೇವಿಂಗ್, ಎನಿಮಾ. ಬೆಳಿಗ್ಗೆ ಮೈ ಒರೆಸಿ ಗೌನು ತೊಡಿಸಿ, ಬಳೆ, ಓಲೆ, ಮೂಗುಬೊಟ್ಟು ಬಿಚ್ಚಿ, ಗಂಟು ಕಟ್ಟಿ ಮನೆಯವರ ಕೈಗೆ ಕೊಡಬೇಕು. ತಾಳಿ ತೆಗೆದರೆ ಕತ್ತು ಬರಿದಾಗಬಾರದೆಂದು ಅರಿಶಿನದ ಕೊಂಬು ಕಟ್ಟಿದ ದಾರ ಹಾಕುವುದು ರೂಢಿ. ಅದೊಂದನ್ನು ಮಾತ್ರ ಯಾರೂ ನನ್ನ ಕೈಯಿಂದ ಮಾಡಿಸಿಕೊಳ್ಳುತ್ತಿರಲಿಲ್ಲ. ನನ್ನ ಬರಿ ಹಣೆ ನೋಡಿ, "ಇರಲಿ, ಸಿಸ್ಟರ್ ಬರ್ಲಿ" ಅನ್ನುತ್ತಿದ್ದರು. ನನಗೆ ಅದು ಅಭ್ಯಾಸವಾಗಿದೆ ಅಂತಲೇ ತಿಳಿದಿದ್ದೆ.

ನನ್ನ ಅಕ್ಕ ಪುಟ್ಟತಾಯಮ್ಮ ಸಾರಕ್ಕಿಯವಳು. ಐದು ಮಕ್ಕಳನ್ನು ಮನೆಯಲ್ಲೇ ಹೆತ್ತು, ಪ್ರತಿ ಸಲವೂ ಹೆರಿಗೆಯಾಗಿ ತಿಂಗಳು ತುಂಬುವ ಮೊದಲೇ ಸೊಪ್ಪಿನ ಮಂಕರಿ ತಲೆ ಮೇಲೆ ಹೊತ್ತು ಮಾರ್ಕೆಟ್ಟಿಗೆ ನಡೆದವಳು. ೧೯೭೯ರಲ್ಲಿ ಒಂದು ದಿನ ನನ್ನನ್ನು ಹಿತ್ತಲಿಗೆ ಕರೆದು, "ಜಯಾ, ಕೆಳಗೆ ಏನೋ ಇಳಿದು ಬಂದಿದೆ ಕಣೇ. ಕೂತ್ರೆ ಒತ್ತುತ್ತೆ, ಉಚ್ಚೆ ಹೊಯ್ಯೋಕೂ ಕಷ್ಟ" ಅಂದಳು. ನೋಡಿದ ತಕ್ಷಣ ಗೊತ್ತಾಯಿತು. ಗರ್ಭಕೋಶ ಜಾರಿತ್ತು. ನಮ್ಮ ನರ್ಸಿಂಗ್ ಹೋಮಿನಲ್ಲಿ ಅದಕ್ಕೆ ಪ್ರೊಲ್ಯಾಪ್ಸ್ ಅನ್ನುತ್ತಾರೆ. ಡಾಕ್ಟ್ರಿಗೆ ತೋರಿಸೋಣ ಅಂದೆ. "ಅಯ್ಯೋ, ಅದನ್ನ ಇನ್ನೊಬ್ಬರಿಗೆ ತೋರಿಸ್ತಾರೇನೇ?" ಅಂದಳು.

ಆಪರೇಷನ್ ಬೇಡ ಅನ್ನುವವರಿಗೆ ಡಾಕ್ಟರು ರಬ್ಬರಿನ ಒಂದು ರಿಂಗ್ ಒಳಗಿಟ್ಟು ಗರ್ಭಕೋಶಕ್ಕೆ ಆಸರೆ ಕೊಡುತ್ತಿದ್ದರು. ಮೂರು ತಿಂಗಳಿಗೊಮ್ಮೆ ಅದನ್ನು ತೆಗೆದು, ತೊಳೆದು, ಒಳಗೆ ಹುಣ್ಣಾಗಿದೆಯೇ ಎಂದು ನೋಡಿ ಮತ್ತೆ ಹಾಕಬೇಕು. ಇದನ್ನು ನಾನು ನೂರಾರು ಸಲ ಪಕ್ಕದಲ್ಲಿ ನಿಂತು ನೋಡಿದ್ದೆ. ನೋಡಿದ್ದೇ ಕಲಿತಂತೆ ಅನ್ನುವ ಜಂಭ. ಒಬ್ಬ ಪೇಷಂಟಿನಿಂದ ತೆಗೆದು ಎಸೆಯಲು ಕೊಟ್ಟಿದ್ದ ರಿಂಗನ್ನು ಕುದಿಸಿ ತಂದು, ಬಾಗಿಲು ಹಾಕಿಕೊಂಡು ನಾನೇ ಅಕ್ಕನಿಗೆ ಹಾಕಿದೆ. ಅಕ್ಕ ಎದ್ದು ನಾಲ್ಕು ಹೆಜ್ಜೆ ನಡೆದು, "ಹಗುರ ಆಯ್ತು ಕಣೇ, ನೀನೇ ಡಾಕ್ಟ್ರು" ಅಂದಳು. ಆ ಮಾತು ನನ್ನ ತಲೆಗೇರಿತು.

ಒಂದು ವರ್ಷ ತಪ್ಪದೆ ಹೋಗಿ ತೊಳೆದು ಹಾಕಿ ಬಂದೆ. ಆಮೇಲೆ ಅಕ್ಕನ ಮಗಳ ಮದುವೆ ಬಂತು. ಹೆಣ್ಣಿಗೆ ಅರಿಶಿನ ಹಚ್ಚುವ ದಿನ ನಾನೂ ಕೈ ತೊಳೆದು ಸಾಲಿನಲ್ಲಿ ನಿಂತೆ. ಅಕ್ಕನ ಅತ್ತೆ ಎಲ್ಲರೆದುರು, "ನೀನು ಒಳಗೆ ಅಡುಗೆ ಕಡೆ ನೋಡಮ್ಮ" ಅಂದರು. ನಾನು ಅಕ್ಕನ ಮುಖ ನೋಡಿದೆ. ಅಕ್ಕ ತಲೆ ತಗ್ಗಿಸಿ ಅರಿಶಿನ ಕಲಸುತ್ತಲೇ ಇದ್ದಳು. ಊಟ ಮಾಡದೆ ಹೊಸಕೆರೆಹಳ್ಳಿಯ ನನ್ನ ಮನೆಗೆ ವಾಪಸ್ ಬಂದುಬಿಟ್ಟೆ. ಮತ್ತೆ ಸಾರಕ್ಕಿಗೆ ಕಾಲಿಡಲಿಲ್ಲ.

ರಿಂಗಿನ ವಿಷಯ ಮರೆತುಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಮೂರು ತಿಂಗಳಾಯಿತು, ಆರು ತಿಂಗಳಾಯಿತು ಎಂದು ನನಗೆ ಲೆಕ್ಕವಿತ್ತು. ಬೇಕಾದರೆ ಅವಳೇ ಬರಲಿ, ಬಂದು ಕರೆಯಲಿ ಅಂದುಕೊಂಡೆ. ಹಾಗೆ ಅಂದುಕೊಳ್ಳುತ್ತಲೇ ಸುಮಾರು ಮೂರು ವರ್ಷ ಕಳೆದೆ.

೧೯೮೩ರ ಬೇಸಿಗೆಯಲ್ಲಿ ಅಕ್ಕನ ಮಗ ಅವಳನ್ನು ಆಟೋದಲ್ಲಿ ನಮ್ಮ ನರ್ಸಿಂಗ್ ಹೋಮಿಗೇ ತಂದ. ರಕ್ತ ಹೋಗುತ್ತಿತ್ತು, ಹತ್ತಿರ ನಿಂತರೆ ವಾಸನೆ. ಡಾಕ್ಟ್ರಮ್ಮ ಪರೀಕ್ಷೆ ಮಾಡುವಾಗ ದೀಪ ಹಿಡಿದು ನಿಂತಿದ್ದವಳು ನಾನೇ. ರಿಂಗ್ ಮಾಂಸದಲ್ಲಿ ಹೂತುಹೋಗಿತ್ತು. ಸುತ್ತ ದೊಡ್ಡ ಹುಣ್ಣು.

"ಯಾರಮ್ಮ ಇದನ್ನ ಹಾಕಿದ್ದು?"

"ಕನಕಪುರದ ಕಡೆ ಒಬ್ಬ ಸೂಲಗಿತ್ತಿ. ಸತ್ತೋದ್ಲು ಪಾಪ" ಅಂದಳು ಅಕ್ಕ.

"ಎಷ್ಟು ದಿನ ಆಯ್ತು?"

"ಒಂದು ಆರು ತಿಂಗಳಾಯ್ತೇನೋ."

ಡಾಕ್ಟ್ರಮ್ಮನ ಹುಬ್ಬು ಗಂಟಿಕ್ಕಿತು. "ಆರೇ ತಿಂಗಳಿಗೆ ಇಷ್ಟು ಹುಣ್ಣು ಅಂದ್ರೆ ಇದು ರಿಂಗಿಂದ ಆಗಿದ್ದಲ್ಲ, ಬೇರೆ ಏನೋ ಇರಬೇಕು" ಎಂದು ಸಿಸ್ಟರಿಗೆ ಮೆಲ್ಲಗೆ ಹೇಳಿದರು. ಬೇರೆ ಏನೋ ಎಂದರೆ ಕ್ಯಾನ್ಸರ್. ಅಷ್ಟು ನನಗೆ ಅರ್ಥವಾಯಿತು. ಅಕ್ಕ ನನ್ನ ಕಡೆ ನೋಡಲೇ ಇಲ್ಲ. ನನ್ನ ಕೆಲಸ ಉಳಿಸಲು ಸುಳ್ಳು ಹೇಳುತ್ತಿದ್ದಳು. ಅದೇ ಸುಳ್ಳು ಅವಳ ಚಿಕಿತ್ಸೆಯನ್ನೇ ದಾರಿ ತಪ್ಪಿಸುತ್ತಿತ್ತು.

"ಮೇಡಂ, ಹಾಕಿದವಳು ನಾನು" ಅಂದೆ. "ಇವಳು ನನ್ನ ಸ್ವಂತ ಅಕ್ಕ. ನಾಲ್ಕು ವರ್ಷ ಆಯ್ತು. ಮೂರು ವರ್ಷದಿಂದ ತೆಗೆದಿಲ್ಲ."

ಡಾಕ್ಟ್ರಮ್ಮ ಕೂಗಾಡಲಿಲ್ಲ. ಕೈಗವಸು ಬಿಚ್ಚಿ ಬಕೆಟ್ಟಿಗೆ ಹಾಕಿದರು. "ಹಾಕಿದ್ದು ತಪ್ಪು ಜಯಮ್ಮ. ಬಿಟ್ಟಿದ್ದು ಅದಕ್ಕಿಂತ ದೊಡ್ಡ ತಪ್ಪು. ಬೈಯೋಕೆ ಆಮೇಲೂ ಟೈಮ್ ಇದೆ. ಈಗ ಹೋಗಿ ಗ್ಲಿಸರಿನ್ ತಾ."

ರಿಂಗ್ ತೆಗೆದು, ಹುಣ್ಣಿನ ಅಂಚಿನ ಚೂರೊಂದನ್ನು ಬಯಾಪ್ಸಿ ಪರೀಕ್ಷೆಗೆ ಕಳಿಸಿದರು. ವರದಿ ಬರಲು ಎಂಟು ದಿನ. ಗರ್ಭಕೋಶ ತೆಗೆಯಲೇಬೇಕು, ಅಂದರೆ ಹಿಸ್ಟರೆಕ್ಟಮಿ. ಆದರೆ ಹುಣ್ಣು ಮಾಯುವ ತನಕ ಕತ್ತಿ ಮುಟ್ಟಿಸುವಂತಿಲ್ಲ. ಗರ್ಭಕೋಶ ಮತ್ತೆ ಕೆಳಗೆ ಜಾರದಿರಲೆಂದು ಮಂಚದ ಕಾಲ ಕಡೆ ಇಟ್ಟಿಗೆ ಇಟ್ಟು ಎತ್ತರ ಮಾಡಿದೆವು. ದಿನಾ ಸಿಸ್ಟರ್ ಗ್ಲಿಸರಿನ್ ಮತ್ತು ಆಕ್ರಿಫ್ಲೇವಿನ್ ಎಂಬ ಹಳದಿ ಔಷಧಿಯಲ್ಲಿ ಅದ್ದಿದ ಗಾಜ್ ಬಟ್ಟೆ ಒಳಗಿಡುತ್ತಿದ್ದರು. ಒದಗಿಸುವುದು, ತೊಳೆಯುವುದು ನನ್ನ ಕೆಲಸ. ಹಿಮೋಗ್ಲೋಬಿನ್ ಏಳೂವರೆ ಇತ್ತು. ಎರಡು ಬಾಟಲಿ ರಕ್ತ ಕೊಟ್ಟರು.

ಆ ಎಂಟು ದಿನ ನಾನು ಬೆರಳಲ್ಲಿ ಎಣಿಸುತ್ತಾ ಕಳೆದೆ. ಅಕ್ಕ ಮಾತ್ರ ತಲೆ ಕೆಳಗಾಗಿ ಮಲಗಿಕೊಂಡೇ, "ನನ್ನ ಕೈಬಳೆ ವರ್ಷಕ್ಕೆ ನಾಲ್ಕು ಸಲ ಒಡೆಯುತ್ತೆ. ನೀನು ಹಾಕಿದ್ದು ಮಾತ್ರ ಗಟ್ಟಿ ಕಣೇ" ಅಂತ ನಗುತ್ತಿದ್ದಳು.

"ನೀನಾದ್ರೂ ಹೇಳಿಕಳಿಸಬಾರದಿತ್ತಾ?" ಅಂದೆ.

"ಯಾವ ಮುಖ ಇಟ್ಕೊಂಡು? ಅರಿಶಿನದ ದಿನ ಬಾಯಿ ಬಿಡದವಳು ನಾನು."

ಒಂಬತ್ತನೇ ದಿನ ಡಾಕ್ಟ್ರಮ್ಮ ವಾರ್ಡಿನ ಬಾಗಿಲಲ್ಲೇ ನಿಂತು ಕಾಗದ ಆಡಿಸಿದರು. "ಕ್ಯಾನ್ಸರ್ ಇಲ್ಲ. ಬರೀ ಹುಣ್ಣು." ಕೈಯಲ್ಲಿದ್ದ ಬೆಡ್‌ಪ್ಯಾನ್ ಕೆಳಗಿಟ್ಟು ಅಕ್ಕನ ಮಂಚದ ಹತ್ತಿರ ಓಡಿದೆ.

ಹುಣ್ಣು ಮಾಯಲು ಇನ್ನೂ ಎರಡು ವಾರ ಹಿಡಿಯಿತು. ಆಪರೇಷನ್ನಿನ ಬೆಳಿಗ್ಗೆ ಅಕ್ಕನಿಗೆ ಗೌನು ತೊಡಿಸಿದೆ, ಬಳೆ ಓಲೆ ಬಿಚ್ಚಿದೆ. ಕತ್ತಿನ ಹತ್ತಿರ ಬಂದಾಗ ಅಭ್ಯಾಸದಂತೆ ಸಿಸ್ಟರನ್ನು ಕರೆಯಲು ತಿರುಗಿದೆ. ಅಕ್ಕ ನನ್ನ ಸೆರಗು ಹಿಡಿದಳು.

"ಎಲ್ಲಿಗೆ ಹೋಗ್ತೀಯ? ನೀನೇ ತೆಗಿ. ನೀನೇ ಕೊಂಬು ಕಟ್ಟು."

ಬಾಗಿಲ ಬಳಿ ಇದ್ದ ಅವಳ ಅತ್ತೆ ಹೌಹಾರಿದರು. "ಮುತ್ತೈದೆ ಕತ್ತಿಗೆ ಅವಳ ಕೈಯೇನೇ?"

"ಅತ್ತೆ, ಒಂದು ತಿಂಗಳಿಂದ ಆ ಕೈ ನನ್ನ ಎಲ್ಲೆಲ್ಲಿ ತೊಳೆದಿದೆ ಅಂತ ಹೇಳ್ಲಾ? ಕತ್ತೊಂದಕ್ಕೆ ಏನು ಮಡಿ?"

ಪಕ್ಕದ ಮಂಚದ ಹೆಂಗಸು ಕಿಸಕ್ಕನೆ ನಕ್ಕಳು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋದರು. ಹನ್ನೊಂದು ವರ್ಷದ ಕೆಲಸದಲ್ಲಿ ಮೊದಲನೇ ಸಲ ನಾನು ಒಬ್ಬರ ತಾಳಿ ಬಿಚ್ಚಿದೆ. ಅರಿಶಿನದ ಕೊಂಬಿನ ದಾರ ಕಟ್ಟುವಾಗ ಗಂಟು ಎರಡು ಸಲ ಜಾರಿತು. "ನಿಧಾನ" ಅಂದಳು ಅಕ್ಕ.

ಒಂದೂವರೆ ಗಂಟೆಯಲ್ಲಿ ಆಪರೇಷನ್ ಮುಗಿಯಿತು. ಹತ್ತನೇ ದಿನ ಮನೆಗೆ ಕಳಿಸಿದರು. ಭಾರ ಎತ್ತಬಾರದು ಎಂದು ಡಾಕ್ಟ್ರಮ್ಮ ಕಟ್ಟಪ್ಪಣೆ ಮಾಡಿದ್ದರಿಂದ ಮಂಕರಿ ಮಗನ ಸೈಕಲ್ಲಿಗೆ ಹೋಯಿತು. ನನ್ನ ಕೆಲಸ ಉಳಿಯಿತು. ಬೈಗುಳ ಮಾತ್ರ ಬಾಕಿ ಉಳಿಯಲಿಲ್ಲ, ರೂಮಿಗೆ ಕರೆದು ಚೆನ್ನಾಗಿಯೇ ಬೈದರು. ಡಾಕ್ಟರ ಕೆಲಸಕ್ಕೆ ನಾನು ಮತ್ತೆ ಕೈ ಹಾಕಲಿಲ್ಲ.

ಆಮೇಲೆ ನಿವೃತ್ತಿಯಾಗುವ ತನಕ, ನಮ್ಮಲ್ಲಿ ರಿಂಗ್ ಹಾಕಿಸಿಕೊಂಡವರ ಹೆಸರನ್ನು ಕ್ಯಾಲೆಂಡರಿನಲ್ಲಿ ಮೂರು ತಿಂಗಳು ಮುಂದಕ್ಕೆ ಬರೆದಿಡುತ್ತಿದ್ದೆ. ಬಾರದವರ ಮನೆಗೆ ನಾನೇ ಹೋಗುತ್ತಿದ್ದೆ. ಬೈದು ಕಳಿಸಿದವರ ಮನೆಗೂ ಮತ್ತೆ ಹೋಗಿದ್ದೇನೆ. ಕೆಲಸ ನನಗೆ ಕಲಿಸಿದ್ದು ಇಷ್ಟೇ: ಒಬ್ಬರ ಮೈ ನಮ್ಮ ಕೈಗೆ ಬಂದ ಮೇಲೆ, ಅವರ ಮೇಲೆ ಮುನಿಸಿಕೊಂಡು ದೂರ ಕೂರುವ ಹಕ್ಕು ನಮಗಿಲ್ಲ.

ಅಕ್ಕನ ಎರಡನೇ ಮಗಳ ಮದುವೆಯಲ್ಲಿ ಅರಿಶಿನದ ಬಟ್ಟಲು ಮೊದಲು ನನ್ನ ಕೈಗೇ ಬಂತು. ಕೊಟ್ಟವರು ಅವಳ ಅತ್ತೆ. ನನ್ನ ಮುಖ ನೋಡದೆ, ಗೋಡೆ ಕಡೆ ತಿರುಗಿಕೊಂಡೇ ಕೊಟ್ಟರು. ನಾನು ತೆಗೆದುಕೊಂಡೆ.