ಮುಟ್ಟದೆ ಬಿಟ್ಟ ಕಾಫಿ

ಹುಳಿಮಾವಿನಲ್ಲಿ ನಮ್ಮ ರಾಗಿ ಹೊಲವಿದ್ದ ಕಡೆ ಈಗ ಮೂರು ಮಹಡಿಯ ಮನೆಯಿದೆ. ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆಗಳಿಗೆ ಬರುವ ಹೊರದೇಶದವರಿಗೆ ಬಾಡಿಗೆ ಕೊಡುತ್ತೇವೆ. ಹೋದ ವರ್ಷ ಮೇಲಿನ ಮಹಡಿಗೆ, ಹೃದಯದ ಚಿಕಿತ್ಸೆಗೆಂದು, ಒಬ್ಬ ಅರಬ್ ಮುದುಕರು ಬಂದರು. ರಾಯಭಾರ ಕಚೇರಿಗೆ ಗುಮಾಸ್ತರಾಗಿ ಸೇರಿ, ರಾಯಭಾರಿಯಾಗಿ, ಕೊನೆಗೆ ವಿದೇಶಾಂಗ ಮಂತ್ರಿಯೂ ಆಗಿದ್ದವರಂತೆ. ಅವರ ಸರ್ಕಾರ ಬಿದ್ದುಹೋಗಿತ್ತು, ಕೋಟಿನ ಇಸ್ತ್ರಿ ಮಾತ್ರ ಮುರಿದಿರಲಿಲ್ಲ. ನಲ್ಲಿಯಲ್ಲಿ ನೀರಿಲ್ಲವೆಂದು ದೂರುವ ಮೊದಲೂ ನನ್ನ ಮೊಣಕಾಲು ನೋವು ವಿಚಾರಿಸುತ್ತಿದ್ದರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು. ನನಗೆ ಅವರೆಂದರೆ ಇಷ್ಟವಾಗಿತ್ತು.

ಆಮೇಲೆ ಕೆಳಮನೆಗೆ ಅದೇ ದೇಶದ ಹೆಂಗಸೊಬ್ಬಳು ತಾಯಿಯ ಆಪರೇಷನ್ ಮಾಡಿಸಲು ಬಂದಳು. ಮೆಟ್ಟಿಲಲ್ಲಿ ಮುದುಕರ ದನಿ ಕೇಳಿದವಳೇ ನಿಂತುಬಿಟ್ಟಳು. ಟಿ.ವಿ.ಯಲ್ಲಿ ವರ್ಷಗಟ್ಟಲೆ ಕೇಳಿದ್ದ ದನಿಯಂತೆ. ಆಪರೇಷನ್ನಿನ ಹಿಂದಿನ ದಿನ, ಗಂಡಸಿನ ಮನೆಗೆ ಒಬ್ಬಳೇ ಹೋಗಬಾರದೆಂದು, ನನ್ನನ್ನೂ ಕರೆದುಕೊಂಡು ಮೇಲೆ ಹೋದಳು.

ಅವರು ಏಲಕ್ಕಿ ಕಾಫಿಯನ್ನು ಪುಟ್ಟ ಬಟ್ಟಲುಗಳಿಗೆ ಬಗ್ಗಿಸಿ ಕೊಟ್ಟರು. ನಾನು ಕುಡಿದೆ. ಅವಳು ಬಟ್ಟಲನ್ನು ಮುಂದಿಟ್ಟುಕೊಂಡು ತಮ್ಮ ಭಾಷೆಯಲ್ಲಿ ಒಂದೇ ಒಂದು ಮಾತು ಕೇಳಿದಳು. ಅವರು ದನಿ ಏರಿಸದೆ ಬಹಳ ಹೊತ್ತು ಉತ್ತರ ಹೇಳಿದರು.

"ಆರೋಯ್ತಲ್ಲಮ್ಮ, ಬಿಸಿ ಮಾಡ್ಕೊಡ್ಲಾ?" ಎಂದು ನಾನು ಕನ್ನಡದಲ್ಲೇ ಕೇಳಿ ಬಟ್ಟಲಿಗೆ ಕೈ ಚಾಚಿದೆ. ಅವಳು ನನ್ನ ಕೈ ತಡೆದಳು. ಬಟ್ಟಲನ್ನು ಹಾಗೇ ಬಿಟ್ಟು ಎದ್ದು ಹೋದಳು.

"ನಮ್ಮ ಕಡೆ ಏನಾದರೂ ಬೇಡಿ ಬಂದವರು ಅದು ಸಿಗುವ ತನಕ ಕಾಫಿ ಮುಟ್ಟುವುದಿಲ್ಲ," ಎಂದು ಅವರು ಇಂಗ್ಲಿಷಿನಲ್ಲಿ ವಿವರಿಸಿದರು. "ಕುಡಿಯದೆ ಎದ್ದು ಹೋದರೆ ಮನೆಯವನಿಗೆ ದೊಡ್ಡ ಅವಮಾನ."

"ಏನು ಕೇಳಿದ್ಲು ಸಾರ್?"

"ಅವಳ ಅಣ್ಣನನ್ನು ಎಲ್ಲಿ ಹೂತಿದ್ದಾರೆ ಅಂತ. ಆಪರೇಷನ್ನಿಗೆ ಮುಂಚೆ ತಾಯಿಗೆ ಹೇಳಬೇಕಂತೆ. ಅಂಥ ಕೈದಿಯೇ ನಮ್ಮಲ್ಲಿ ಇರಲಿಲ್ಲವೆಂದು ಆಗ ಎಲ್ಲ ದೇಶಗಳಿಗೂ ಹೇಳಿದ್ದೆ. ಇವತ್ತೂ ಅದನ್ನೇ ಹೇಳಿದೆ."

"ನಿಮ್ಗೆ ಗೊತ್ತಿತ್ತಾ?"

ಅವರು ಕೋಟಿನ ಗುಂಡಿ ಹಾಕಿಕೊಂಡು, ನನ್ನ ಮೊಣಕಾಲು ಈಗ ಹೇಗಿದೆ ಎಂದು ಕೇಳಿದರು.

ಆಪರೇಷನ್ ಚೆನ್ನಾಗೇ ಆಯಿತು. ತಾಯಿ ಮಗಳು ಊರಿಗೆ ಹೊರಟ ದಿನ ನಾನು ಆ ತಾಯಿಗೆ ಫಿಲ್ಟರ್ ಕಾಫಿ ತಂದುಕೊಟ್ಟೆ. ಆಕೆ ಲೋಟ ಇಸಕೊಂಡಳು. ಮೇಲಿನ ಮಹಡಿಯತ್ತ ಒಮ್ಮೆ ನೋಡಿ, ತುಂಬಿದ ಲೋಟವನ್ನು ಹಾಗೇ ಮೆಟ್ಟಿಲ ಮೇಲಿಟ್ಟು ಕಾರು ಹತ್ತಿದಳು.

ಮುದುಕರೂ ಹೋಗಿ ತಿಂಗಳುಗಳಾದವು. ಮೇಲೆ ಈಗ ಬೇರೆಯವರಿದ್ದಾರೆ. ಹಾಡುಹಗಲಲ್ಲೂ ಆ ಮೆಟ್ಟಿಲು ಹತ್ತಲು ನನಗೆ ಭಯ. ಲೋಟವನ್ನು ಅವತ್ತೇ ತೆಗೆದು ತೊಳೆದಿಟ್ಟಿದ್ದೇನೆ; ಆದರೂ ಎಲ್ಲಿ ಕಾಲು ತಾಗಿ ಅದು ಚೆಲ್ಲುತ್ತದೋ ಎಂದು ಸೀರೆ ಎತ್ತಿ ಹಿಡಿದುಕೊಂಡು ದಾಟುತ್ತೇನೆ.