ಒಂದೇ ಮರಿ ಸಾಕೆಂದು ಹಟ ಹಿಡಿದದ್ದು

ಎಪ್ಪತ್ತರ ದಶಕದ ಮೊದಲಿಗೆ ನಾನು ಹುಣಸೂರಿನ ಹೊಗೆಸೊಪ್ಪಿನ ಮಂಡಿಯಲ್ಲಿ ಕೆಲಸಕ್ಕಿದ್ದೆ. ಬಾಡಿಗೆ ಮನೆಯಲ್ಲಿ ಒಬ್ಬನೇ. ಒಮ್ಮೆ ಹೊಸ ಅಗ್ರಹಾರದ ಕಡೆಯ ಹಳ್ಳಿಗೆ ಹೋದಾಗ ಬೆಳೆಗಾರರೊಬ್ಬರ ಮನೆಯ ಅಜ್ಜಿ ಎರಡು ಬೆಕ್ಕಿನ ಮರಿ ತಂದು ನನ್ನ ಮಡಿಲಿಗೆ ಹಾಕಿದರು.

“ಎರಡ್ನೂ ತಕೊಂಡೋಗಪ್ಪ. ಅಕ್ಕ ತಂಗಿ ಕಣ, ಅಗಲಿಸ್ಬ್ಯಾಡ.”

“ಒಂದು ಸಾಕಜ್ಜಿ. ಬ್ರಹ್ಮಚಾರಿ ಮನೇಲಿ ಅಷ್ಟು ಹಾಲೆಲ್ಲಿರುತ್ತೆ?”

“ಅಂಗಾರೆ ಅದು ಯಾರ ಜೊತೆ ಮಾತಾಡ್ಬೇಕು? ನಿನ್ ಜೊತೆಯಾ?” ಎಂದು ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

ನಾನು ಹಟ ಬಿಡದೆ ಒಂದನ್ನೇ ಕೈಚೀಲದಲ್ಲಿಟ್ಟುಕೊಂಡು ಬಸ್ ಹತ್ತಿದೆ. ಬಸ್ಸು ಹೊರಟಿದ್ದೇ ತಡ, ಮರಿ ಎಂಜಿನ್ ಸದ್ದನ್ನೂ ಮೀರಿಸಿ ಅಳತೊಡಗಿತು. “ಅಸ್ದೈತೆ” ಎಂದು ಹಿಂದಿನ ಸೀಟಿನ ಹೆಂಗಸು ಬಾಳೆಹಣ್ಣು ಕೊಟ್ಟಳು. ಬೆಕ್ಕು ಮೂಸಲೂ ಇಲ್ಲ, ನಾನೇ ತಿಂದೆ. ಕಡೆಗೆ, ಇದರ ಒಡಹುಟ್ಟು ಅಲ್ಲೇ ಉಳಿದಿದೆ ಎಂದು ಬಾಯಿಬಿಟ್ಟೆ.

ಇಡೀ ಬಸ್ಸು ನನ್ನ ಮೇಲೆ ತಿರುಗಿಬಿತ್ತು. ಊರ ಬಾಗಿಲು ದಾಟುವ ಮೊದಲೇ ಕಂಡಕ್ಟರ್ ಸೀಟಿ ಊದಿ ನಿಲ್ಲಿಸಿದ.

“ಇಳೀರಿ ಸ್ವಾಮಿ, ಅದ್ನೂ ತನ್ನಿ, ಕಾಯ್ತೀವಿ. ಈ ಅಳು ಕೇಳ್ಕಂಡು ಯಾರ್ ಬತ್ತಾರೆ?”

ಓಡಿದೆ. ಅಜ್ಜಿ ಇನ್ನೊಂದು ಮರಿಯನ್ನು ಆಗಲೇ ಬುಟ್ಟಿಗೆ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. ಬಸ್ಸಿಗೆ ತಂದೊಡನೆ ಎರಡೂ ಒಂದರ ಮೇಲೊಂದು ಬಿದ್ದು ನಿದ್ದೆ ಹೋದವು. ಬಸ್ಸಿನವರೆಲ್ಲ ಪಿಸುಮಾತಿಗಿಳಿದರು.

ಆಮೇಲೆ ನಾನು ಆ ಬಸ್ ಹತ್ತಿದಾಗಲೆಲ್ಲ ಕಂಡಕ್ಟರ್ “ಮರಿಗೋಳು ಚೆಂದಾಗವಾ?” ಎಂದು ವಿಚಾರಿಸುತ್ತಿದ್ದ. ನಾನು ಚಳಿಜ್ವರದಲ್ಲಿ ಕಂಬಳಿ ಹೊದ್ದು ನಡುಗುತ್ತ ಹತ್ತಿದ ದಿನವೂ ಅವನು ಕೇಳಿದ್ದು ಅದನ್ನೇ.